ಹುಣಸೆನೀರಿನಲ್ಲಿ ನಾಲ್ಕು ರಶಿಯನ್ ನಾಣ್ಯ

ಸಂಜೆ ಐದು ಗಂಟೆ ಐವತ್ತೆರಡು ನಿಮಿಷ. ಗಡಿಯಾರ ನೋಡಿದ್ದಕ್ಕೆ ಕಾರಣವಿತ್ತು. ಚಳಿಗಾಲದಲ್ಲಿ ಸಾಂಗ್ಲಿಯಲ್ಲಿ ಆರರ ಸುಮಾರಿಗೆ ಹೊತ್ತು ಮುಳುಗುತ್ತದೆ. ಮುಳುಗಿದ ಮೇಲೆ ನಮ್ಮ ಕಾಕಾ ನೀರೂ ಮುಟ್ಟುವುದಿಲ್ಲ. ನಮ್ಮದು ಜೈನರ ಮನೆ. ಕಾಲೇಜಿಗೆ ಹೋಗತೊಡಗಿದ ಮೇಲೆ ನಾನು ಆ ನೇಮ ಬಿಟ್ಟೆ, ಕಾಕಾ ನಲವತ್ತು ವರ್ಷದಿಂದ ಬಿಟ್ಟಿಲ್ಲ.

ಅಂದು ಬುಧಗಾಂವದ ಹೊಲದಿಂದ ಬರುವಾಗ ಅವರ ಗಾಡಿ ಪಂಕ್ಚರ್ ಆಗಿತ್ತು. ಬೆವರುತ್ತ ಒಳಗೆ ಬಂದವರೇ ಅಡುಗೆಮನೆಯ ಕಟ್ಟೆಯ ಮೇಲಿದ್ದ ಸ್ಟೀಲ್ ತಂಬಿಗೆ ಎತ್ತಿಕೊಂಡರು. ಅವರಿಗೆಂದು ಸೋಸಿ, ಕಾಯಿಸಿ, ಆರಿಸಿದ ನೀರನ್ನು ದಿನವೂ ನಾನು ಅಲ್ಲೇ ಮುಚ್ಚಿಡುತ್ತೇನೆ. ಆದರೆ ಆ ದಿನ ಅಲ್ಲಿ ಒಂದೇ ತರಹದ ಎರಡು ತಂಬಿಗೆಗಳಿದ್ದವು.

ಎರಡನೆಯದರಲ್ಲಿ ನನ್ನ ನಾಣ್ಯಗಳಿದ್ದವು. ಇನ್ನೂರು ವರ್ಷಕ್ಕೂ ಹಳೆಯ, ಐದು ಕೊಪೆಕ್ ಬೆಲೆಯ ರಶಿಯಾದ ತಾಮ್ರದ ನಾಣ್ಯಗಳು, ನಾಲ್ಕು. ಒಂದೊಂದೂ ಅಂಗೈ ತುಂಬುವಷ್ಟು ದೊಡ್ಡದು. ಮಿರಜಿನ ಹಳೇ ಪಾತ್ರೆ-ಭಾಂಡಿ ಅಂಗಡಿಯಲ್ಲಿ ಮುರುಕು ಹಂಡೆಗಳ ಜೊತೆ ಬಿದ್ದಿದ್ದವು. ಮನೆಗೆ ತಂದ ದಿನ ಕಾಕಾ ಅದರ ಮೇಲಿನ ಎರಡು ತಲೆಯ ಹದ್ದು ನೋಡಿ, ಇದು ನಮ್ಮ ಗಂಡಭೇರುಂಡನ ಐತಿ, ರಶಿಯಾದವರು ಕದ್ದಾರ ಎಂದು ನಕ್ಕಿದ್ದರು. ಹಸಿರು ಕಿಲುಬಿನಡಿ ಇಸವಿ ಕಾಣುತ್ತಿರಲಿಲ್ಲ. ಹಳೇ ನಾಣ್ಯ ತೊಳೆಯಬಾರದೆಂದು ಗೊತ್ತಿದ್ದರೂ, ದೀಪಾವಳಿಗೆ ಅವ್ವ ಹಿತ್ತಾಳೆ ತಿಕ್ಕುವಂತೆ ಹುಣಸೆಹುಳಿ, ಉಪ್ಪು ಕಲಸಿ, ಮುಂಜಾನೆಯಿಂದ ನೆನೆಹಾಕಿದ್ದೆ.

ನಾನು ಬಾಗಿಲಲ್ಲೇ ಇದ್ದೆ. ಹೊತ್ತು ಮುಳುಗುವ ಮೊದಲು ಬಂದರಲ್ಲ ಎಂಬ ಸಮಾಧಾನದಲ್ಲಿ ಗಡಿಯಾರ ನೋಡುತ್ತಿದ್ದೆ, ತಂಬಿಗೆ ನೋಡಲಿಲ್ಲ. ನಮ್ಮಲ್ಲಿ ತಂಬಿಗೆಗೆ ತುಟಿ ಹಚ್ಚುವುದಿಲ್ಲ, ಎತ್ತಿ ಹಿಡಿದು ಗಂಟಲಿಗೇ ಸುರಿದುಕೊಳ್ಳುತ್ತೇವೆ. ನಾಲಿಗೆಗೆ ರುಚಿ ತಿಳಿಯುವಷ್ಟರಲ್ಲಿ ಮೂರು ಗುಟುಕು ಒಳಗೆ ಹೋಗಿತ್ತು. ಆಮೇಲೆ ನಾಣ್ಯಗಳು ಜಾರಿ ತಂಬಿಗೆಯ ಕಂಠಕ್ಕೆ ಬಡಿದವು. ಠಣ್.

ಆ ಸದ್ದು ಈಗಲೂ ಕೇಳುತ್ತದೆ.

ಹತ್ತು ನಿಮಿಷದಲ್ಲಿ ವಾಂತಿ ಶುರುವಾಯಿತು. ಮೋರಿಯಲ್ಲಿ ಬಿದ್ದದ್ದು ಹಸಿರುನೀಲಿ ಬಣ್ಣದ್ದು. ಅಂಥ ಬಣ್ಣ ಮನುಷ್ಯನ ಬಾಯಿಂದ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಪಕ್ಕದ ಮನೆಯವರ ಕಾರಿನಲ್ಲಿ ಮಿರಜಿನ ಆಸ್ಪತ್ರೆಗೆ ಓಡಿದೆವು. ಡಾಕ್ಟರಿಗೆ ತೋರಿಸಲೆಂದು ಒಂದು ನಾಣ್ಯ ಮುಷ್ಟಿಯಲ್ಲಿ ಹಿಡಿದಿದ್ದೆ. ಒಂದು ಬದಿ ಹಸಿರು, ಇನ್ನೊಂದು ಬದಿ ಹಸಿಮಾಂಸದಂತೆ ಕೆಂಪು. ಹುಳಿಗೆ ಕರಗಿದ ತಾಮ್ರ ಹೊಟ್ಟೆಗೆ ಹೋಗಿದೆ, ಕಿಡ್ನಿ ಉಳಿಯಬೇಕು ಎಂದು ಡಾಕ್ಟರ್ ಮರಾಠಿಯಲ್ಲಿ ಹೇಳಿ ಕಾಕಾನ ಕೈಗೆ ಮಾತ್ರೆ ಕೊಟ್ಟರು.

ಕಾಕಾ ಕಿಟಕಿಯತ್ತ ನೋಡಿದರು. ಹೊರಗೆ ಕತ್ತಲಾಗಿತ್ತು.

"ಹೊತ್ತು ಮುಳುಗೇತಿ ತಂಗಿ. ಮುಂಜಾನೆ ತಗೋತೀನಿ ಅಂತ ಹೇಳು."

"ಕಾಕಾ, ನನ್ನ ತಪ್ಪಿಗೆ ನೀವು ಸಾಯಬ್ಯಾಡ್ರಿ."

"ನಿನ್ನ ತಪ್ಪಿಗೆ ನನ್ನ ನೇಮ ಯಾಕ ಮುರೀಲಿ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಹೆದರಿಸಿತು. ನಾನು ಅಳುತ್ತಲೇ ಡಾಕ್ಟರಿಗೆ ತಿಳಿಸಿದೆ. ಆಕೆ ಮಾತ್ರೆ ತಿರುಗಿ ತೆಗೆದುಕೊಂಡು, ಹಾಗಾದರೆ ಸೂಜಿಯಲ್ಲಿ ಕೊಡುವ ಔಷಧಿಯಿದೆ, ನಡೆಯುತ್ತದೆಯೇ ಕೇಳು ಎಂದರು. ಕಾಕಾ ತಮ್ಮ ತೋಳನ್ನು ಸ್ವಲ್ಪ ಹೊತ್ತು ನೋಡಿಕೊಂಡರು.

"ಕೈಗೆ ಬಾಯಿಲ್ಲ. ಚುಚ್ಚಲಿ."

ಆರು ದಿನ ಅಲ್ಲಿದ್ದೆವು. ದಿನವೂ ರಕ್ತ ತೆಗೆದು ಪರೀಕ್ಷೆಗೆ ಕಳಿಸುತ್ತಿದ್ದರು. ಏಳನೆಯ ದಿನ, ಕಿಡ್ನಿಗೆ ಏನೂ ಆಗಿಲ್ಲ ಎಂದು ಮನೆಗೆ ಕಳಿಸಿದರು. ಆದರೂ ಕಣ್ಣು ಮುಚ್ಚಿದರೆ ಸಾಕು, ಕಾಕಾನ ಎತ್ತಿದ ಕೈ, ಮೇಲಕ್ಕೆ ಚಾಚಿದ ಗಂಟಲು, ಠಣ್. ರಾತ್ರಿ ಮತ್ತೆ ಮತ್ತೆ ಎಚ್ಚರವಾಗಿ, ಎದ್ದು ಹೋಗಿ ಅವರ ಕೋಣೆಯ ಬಾಗಿಲಿಗೆ ಕಿವಿಯಿಟ್ಟು, ಉಸಿರು ಕೇಳಿಸಿಕೊಂಡು ಬರುತ್ತಿದ್ದೆ. ನಾಣ್ಯಗಳನ್ನು ಅಟ್ಟಕ್ಕೆ ಎಸೆದಿದ್ದೆ. ಅವುಗಳ ಇಸವಿ ಏನೆಂದು ನಾನಿನ್ನೂ ಓದಿಲ್ಲ.

ಮನೆಗೆ ಬಂದ ಮೇಲೆ ಕಾಕಾಗೆ ನೀರನ್ನು ಗ್ಲಾಸಿನಲ್ಲೇ ಕೊಡುತ್ತಿದ್ದೆ. ಒಂದೂವರೆ ವಾರ ಸುಮ್ಮನೆ ಕುಡಿದರು. ಆಮೇಲೆ ಒಂದು ಸಂಜೆ, ಹೊತ್ತು ಮುಳುಗಲು ಇನ್ನೂ ಸಮಯವಿದ್ದಾಗ, ಗ್ಲಾಸ್ ಬದಿಗಿಟ್ಟು ತಾವೇ ಕಟ್ಟೆಯ ಮೇಲಿನ ತಂಬಿಗೆ ತೆಗೆದುಕೊಂಡರು. ನಾನು ಒಂದು ಹೆಜ್ಜೆ ಮುಂದಿಟ್ಟೆ. ಅವರು ತಂಬಿಗೆಯನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದರು.

"ಗಂಡಭೇರುಂಡ ಇಲ್ಲ," ಎಂದು ಹೇಳಿ, ಎತ್ತಿ ಸುರಿದುಕೊಂಡು ಪೂರಾ ಕುಡಿದರು.

ಆ ರಾತ್ರಿ ನನಗೆ ಎಚ್ಚರವಾಗಲಿಲ್ಲ.