ಪೊರಕೆ ಕೆಳಗಿಟ್ಟು ಊರು ನೋಡಲು ಹೊರಟ ನೆರೀನಾ

ಇಟಲಿಯ ಫೆರಾರಾ ಊರಿನ ದೊಡ್ಡ ಇಗರ್ಜಿಯ ಮುಂದೆ ಇನ್ನೂ ಬೆಳಕು ಹರಿದಿಲ್ಲ. ಪೋ ನದಿಯ ಕಡೆಯಿಂದ ಬಂದ ಮಂಜು ಬಾಗಿಲ ಕಲ್ಲುಸಿಂಹಗಳ ಕೊರಳವರೆಗೂ ಏರಿದೆ. ಆ ಮಂಜಿನೊಳಗಿಂದ ಮೊದಲು ಪೊರಕೆಯ ಸದ್ದು ಕೇಳುತ್ತದೆ, ಆಮೇಲೆ ಕಿತ್ತಳೆ ಬಣ್ಣದ ಜಾಕೆಟ್ಟು ಕಾಣುತ್ತದೆ. ನೆರೀನಾ ಬೊನಾಝಿ ಬೀದಿ ಗುಡಿಸುತ್ತಿದ್ದಾರೆ.

ಇಲ್ಲಿನ ಬೀದಿಗಳಿಗೆ ಹಾಸಿರುವುದು ಹೊಳೆಯ ಗುಂಡುಕಲ್ಲು. ಯಂತ್ರ ಮೇಲೆ ಸವರಿಕೊಂಡು ಹೋಗುತ್ತದೆ. ಸಂದಿಯಲ್ಲಿ ಸಿಕ್ಕಿಬಿದ್ದ ಸಿಗರೇಟಿನ ತುಂಡು ಕೈಪೊರಕೆಗೆ ಮಾತ್ರ ಬಗ್ಗುತ್ತದೆ. “ಅದೆಲ್ಲಿ ಬಗ್ಗತ್ತೆ? ಬಗ್ಗೋದು ನನ್ನ ಸೊಂಟ” ಎನ್ನುತ್ತಾರೆ ನೆರೀನಾ, ನೆಟ್ಟಗೆ ನಿಂತು ಬೆನ್ನು ಒತ್ತಿಕೊಳ್ಳುತ್ತಾ.

ಹರೆಯವೆಲ್ಲ ಕಳೆದದ್ದು ಹಣ್ಣು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ. ಅದು ಬಾಗಿಲು ಹಾಕಿದ ವರ್ಷವೇ ಗಂಡ ಇವೋ ಹಾಸಿಗೆ ಹಿಡಿದರು. ಬೆಳಗಿನ ಕೆಲಸವಾದರೆ ಮಧ್ಯಾಹ್ನ ಗಂಡನಿಗೆ ಗಂಜಿ ಕುಡಿಸಬಹುದೆಂದು ನೆರೀನಾ ಪೊರಕೆ ಹಿಡಿದರು. ಇವೋ ತೀರಿಕೊಂಡು ಎಷ್ಟೋ ಚಳಿಗಾಲ ಕಳೆದಿದೆ. ಪೊರಕೆ ಉಳಿದಿದೆ, ಅಂಗೈಯ ಒಡಕೂ ಉಳಿದಿದೆ.

ಕಳೆದ ವಸಂತದಲ್ಲಿ ಗುತ್ತಿಗೆ ಕಂಪನಿಯವರು ಹೊಸ ಕಟ್ಟಳೆ ತಂದರು. ಬೆಳಿಗ್ಗೆ ಎಂಟರ ನಂತರ ಕಿತ್ತಳೆ ಜಾಕೆಟ್ಟಿನವರು ಯಾರೂ ಇಗರ್ಜಿಯ ಮುಂದಿನ ಚೌಕದಲ್ಲಿ ಕಾಣಿಸಕೂಡದು. ಇಗರ್ಜಿಯ ಮೆಟ್ಟಿಲ ಮೇಲೆ ಕೂತು ಬ್ರೆಡ್ಡು ತಿನ್ನುವ ರೂಢಿಯೂ ನಿಲ್ಲಬೇಕು. ಕಾರಣ ಕೇಳಿದ್ದಕ್ಕೆ ಮೇಸ್ತ್ರಿ, “ಪ್ರವಾಸಿಗಳ ಫೋಟೋ ಕೆಡತ್ತಂತೆ” ಎಂದ.

“ನಾವು ಗುಡಿಸಿದ ನೆಲ ಫೋಟೋಗೆ ಬೇಕು, ನಾವು ಬೇಡ್ವಾ?” ಎಂದರು ನೆರೀನಾ. ಪಕ್ಕದಲ್ಲಿ ಜೊತೆಗಾತಿಯರಾದ ದಿರ್ಚೆ ಮತ್ತು ಮೊಲ್ಡೋವಾದಿಂದ ಬಂದ ಲ್ಯೂಬಾ ಇದ್ದರು. ನೆರೀನಾ ಅವರ ಕಡೆ ತಿರುಗಿದರು. “ರಜೆ ದಿನ ಏನ್ ಮಾಡ್ತೀರೇ? ಬನ್ನಿ, ನಾವೂ ಪ್ರವಾಸಿಗಳಾಗೋಣ. ಇದೇ ಜಾಕೆಟ್ಟು ಹಾಕ್ಕೊಂಡು.”

“ನಿಂಗೆ ತಲೆ ಕೆಟ್ಟಿದೆ ಮಾರಾಯ್ತಿ” ಎಂದ ದಿರ್ಚೆಯೇ ರಜೆಯ ಸೋಮವಾರ ಎಲ್ಲರಿಗಿಂತ ಮೊದಲು ರೈಲು ನಿಲ್ದಾಣದಲ್ಲಿದ್ದರು, ಕಿತ್ತಳೆ ಜಾಕೆಟ್ಟಿಗೆ ಇಸ್ತ್ರಿ ಹೊಡೆದುಕೊಂಡು.

ಮೊದಲು ರಾವೆನ್ನಾ. ಹೊರಗಿನಿಂದ ಇಟ್ಟಿಗೆಯ ಕೊಟ್ಟಿಗೆಯಂತಿದ್ದ, ಹಳೇ ಕಾಲದ ರಾಣಿಯೊಬ್ಬಳ ಸಮಾಧಿಮಂದಿರದ ಒಳಗೆ ಕಾಲಿಟ್ಟರೆ ತಲೆಯ ಮೇಲೆ ಕಡುನೀಲಿ ಆಕಾಶ, ಅದರ ತುಂಬ ಚಿನ್ನದ ಚುಕ್ಕಿ. ಎಲ್ಲವೂ ಗಾಜಿನ ಚೂರು. ದಿರ್ಚೆ ಕತ್ತೆತ್ತಿದವರು ಇಳಿಸಲಿಲ್ಲ. “ಒಂದೊಂದೇ ಚೂರು ಕೂರಿಸಿದಾರಲ್ಲೇ! ಯಾರು ಪುಣ್ಯಾತ್ಮರೋ.”

“ರಾಣಿ ಹೆಸರು ಬೋರ್ಡಲ್ಲಿದೆ, ಚೂರು ಕೂರಿಸಿದೋರ ಹೆಸರಿಲ್ಲ” ಎಂದರು ನೆರೀನಾ. “ಅವರನ್ನೂ ಎಂಟು ಗಂಟೆಗೆ ಓಡಿಸಿರ್ಬೇಕು.”

ಹೊರಗೆ ಬಂದಾಗ ಟೋಪಿ ಹಾಕಿದ ಪ್ರವಾಸಿಯೊಬ್ಬ ಖಾಲಿ ಬಾಟಲಿಯನ್ನು ಲ್ಯೂಬಾರ ಕೈಗೆ ಹಿಡಿಸಿದ. ಮೆಲುಮಾತಿನ ಲ್ಯೂಬಾ ಅದನ್ನು ಅವನ ಕೈಗೇ ವಾಪಸ್ ಇಟ್ಟರು. “ಇವತ್ತು ನಾನೂ ನೋಡೋಕೆ ಬಂದೋಳಣ್ಣ. ಕಸದ ಡಬ್ಬಿ ಅಗೋ ಅಲ್ಲಿದೆ.” ಅವನು ಕೆಂಪಾಗಿ ಡಬ್ಬಿಯ ಕಡೆ ನಡೆದ.

ಮಧ್ಯಾಹ್ನ ಬೊಲೋನ್ಯಾ. ಮಹಾಚೌಕದ ಬಿಸಿಲಿಗೆ ಹಾಕಿದ್ದ ಮೇಜಿನ ಸುತ್ತ ಕೂರಹೋದರೆ ಹೋಟೆಲಿನ ಹುಡುಗ ಅಡ್ಡ ಬಂದ. “ಕೆಲಸದವರು ಒಳಗೆ ನಿಂತು ಕಾಫಿ ಕುಡೀತಾರೆ ಸಿನ್ಯೋರಾ. ಹೊರಗಡೆ ಊರು ನೋಡೋಕೆ ಬಂದೋರಿಗೆ.”

“ನಾವೇನು ನಿನ್ನ ಮುಖ ನೋಡೋಕೆ ಬಂದಿದೀವಾ ತಮ್ಮಾ?” ಎನ್ನುತ್ತಲೇ ನೆರೀನಾ ಕೂತುಬಿಟ್ಟರು. ಆ ಹೊತ್ತಿಗೆ ಆ ಊರಿನ ಪೌರಕಾರ್ಮಿಕನೊಬ್ಬ ಗಾಡಿ ತಳ್ಳಿಕೊಂಡು ಬಂದ. ಮೂವರನ್ನೂ ಅವರ ಜಾಕೆಟ್ಟುಗಳನ್ನೂ ನೋಡಿ ನಿಂತ. ನೆರೀನಾ ನಾಲ್ಕನೇ ಕುರ್ಚಿ ಎಳೆದರು. “ಬಾಪ್ಪಾ, ಕೂತ್ಕೋ. ನಾಲ್ಕು ಕಾಫಿ ತರ್ತಾನೆ ಈ ಹುಡುಗ.”

ಹುಡುಗ ಸುತ್ತ ಕಣ್ಣು ಹಾಯಿಸಿದ. ಸುತ್ತಲ ಮೇಜುಗಳವರೆಲ್ಲ ಅವನನ್ನೇ ನೋಡುತ್ತಿದ್ದರು. ತಂದ.

ಆ ಮೇಜಿನ ಸುತ್ತ ತೆಗೆಸಿಕೊಂಡ ನಾಲ್ವರ ಫೋಟೋ ಮರುದಿನ ಕೆಲಸಗಾರರ ಕೋಣೆಯ ಗೋಡೆಗೇರಿತು. ಕಂಪನಿಯವರು ಕಣ್ಣು ಕೆಂಪಗೆ ಮಾಡಿ ನೆರೀನಾರನ್ನು ಊರಾಚೆಯ ಲಾರಿ ರಸ್ತೆಗೆ ಅಟ್ಟಿದರು. ಅಲ್ಲಿ ಮಳೆಯಲ್ಲಿ ನೆನೆದು ಜ್ವರ ಬಂದಾಗ, “ತಪ್ಪಾಯ್ತು ಅಂದ್ಬಿಡಿ, ಚೌಕಕ್ಕೇ ಹಾಕಿಸ್ತೀನಿ” ಎಂದು ಮೇಸ್ತ್ರಿ ಮನೆಗೇ ಬಂದ.

“ಬಿಸಿಲಲ್ಲಿ ಕೂತು ಕಾಫಿ ಕುಡಿದೆ. ಅದು ತಪ್ಪಾದ್ರೆ ಇನ್ನೊಂದ್ಸಲ ಮಾಡ್ತೀನಿ” ಎಂದು ನೆರೀನಾ ಕಂಬಳಿ ಎಳೆದುಕೊಂಡರು.

ಅತ್ತ ಚೌಕದಲ್ಲಿ ದಿರ್ಚೆ ಎಂಟು ಹೊಡೆಯುತ್ತಲೇ ಇಗರ್ಜಿಯ ಮೆಟ್ಟಿಲ ಮೇಲೆ ಬ್ರೆಡ್ಡು ಬಿಚ್ಚಿ ಕೂತರು. ಮರುದಿನ ಲ್ಯೂಬಾ ಕೂತರು. ವಾರ ತುಂಬುವುದರೊಳಗೆ ಇಡೀ ತಂಡವೇ ಕೂತಿತು. ಎಲ್ಲರನ್ನೂ ಲಾರಿ ರಸ್ತೆಗೆ ಅಟ್ಟಿದರೆ ಚೌಕ ಗುಡಿಸುವವರು ಯಾರು? ಕಟ್ಟಳೆಯನ್ನು ಯಾರೂ ಹಿಂದಕ್ಕೆ ಪಡೆಯಲಿಲ್ಲ, ಅದರ ಮಾತನ್ನೂ ಮತ್ತೆ ಎತ್ತಲಿಲ್ಲ. ನೆರೀನಾ ಚೌಕಕ್ಕೆ ಮರಳಿದರು.

ಈಗ ಮಂಜು ಕರಗಿ ಸೈಕಲ್ಲುಗಳ ಗಂಟೆ ಶುರುವಾಗಿದೆ. ಮುಂದಿನ ಆಸೆಯೇನು ಎಂದು ಕೇಳಿದರೆ ನೆರೀನಾ ಪೊರಕೆಯ ಹಿಡಿಗೆ ಗದ್ದ ಊರುತ್ತಾರೆ.

“ಸಿಯೆನಾ ನೋಡ್ಬೇಕು. ಅಲ್ಲಿ ಚೌಕ ಬೋಗುಣಿ ಥರ ಇಳಿಜಾರಂತೆ, ಜನ ನೆಲದ ಮೇಲೇ ಕಾಲು ಚಾಚ್ಕೊಂಡು ಕೂರ್ತಾರಂತೆ. ಗುಡಿಸೋರು ಎಲ್ಲಿಂದ ಶುರು ಮಾಡ್ತಾರೋ...” ಅಷ್ಟಕ್ಕೇ ತಡೆದು ತಲೆ ಕೊಡವುತ್ತಾರೆ. “ಅದು ಅವರ ಚಿಂತೆ. ನಾನು ನಡುಮಧ್ಯ ಕೂರ್ತೀನಿ. ಸಾಕು ಅನ್ನಿಸಿದಾಗ ಏಳ್ತೀನಿ.”