ಹಸಿರು ರುಮಾಲಿನ ಸವಾರ

ಮುಂಬೈ ಹೊರವಲಯದ ಡೊಂಬಿವಲಿಗೆ ಬಂದ ಮೊದಲ ಭಾನುವಾರ, ಕೆಳಗಿನ ಮನೆಯ ಮುದುಕರೊಬ್ಬರು ನನ್ನನ್ನು ಒಳಗೆ ಕರೆದು, ಅಂಗೈ ಚಾಚಲು ಹೇಳಿ, ಅದರ ಮೇಲೆ ಒಬ್ಬ ಮನುಷ್ಯನನ್ನು ನಿಲ್ಲಿಸಿದರು. ಕಿರುಬೆರಳಿನ ಅರ್ಧದಷ್ಟು ಎತ್ತರ. ತಣ್ಣನೆಯ ಬೂದು ಲೋಹ. ಹೆಗಲ ಮೇಲೆ ಬಂದೂಕು, ಸೊಂಟದಲ್ಲಿ ಕಠಾರಿ, ಮುಖ ಇದ್ದೂ ಇಲ್ಲದ ಹಾಗೆ.

"ಹಾ ತುಮ್ಚಾ ಮಾಣೂಸ್," ಎಂದರು. ಇವನು ನಿಮ್ಮವನು.

ನಾನು ಬಿಜಾಪುರದ ಕಡೆಯವನು ಎಂದು ಅವರಿಗೆ ಮನೆಯ ದಲಾಲಿ ಹೇಳಿದ್ದನಂತೆ. ಊರಿಗೆ ಈಗ ವಿಜಯಪುರ ಎಂದು ಹೆಸರಾಗಿದೆ, ಅದರಲ್ಲೂ ನಾನು ಇಂಡಿ ತಾಲೂಕಿನ ಹಳ್ಳಿಯವನು, ಆದಿಲಶಾಹಿ ಬಂದೂಕಿನವನಿಗೂ ನನಗೂ ಯಾವ ನಂಟೂ ಇಲ್ಲ ಎಂದೆಲ್ಲ ವಿವರಿಸಿದೆ. ಅವರು ತಲೆಯಾಡಿಸಿ, "ಬಸಾ, ಬಿಜಾಪುರ್ಕರ್," ಎಂದು ಕುರ್ಚಿ ಎಳೆದರು. ಅಂದಿನಿಂದ ಈ ಕಟ್ಟಡದಲ್ಲಿ ನನ್ನ ಹೆಸರು ಅದೇ. ಊರಿಗೆ ಹೋದರೆ ನನ್ನನ್ನು ಕರೆಯುವುದು "ಮುಂಬೈದಾವ" ಎಂದು. ಎರಡು ಹೆಸರೂ ನಾನಿಲ್ಲದ ಊರಿನವು.

ಅವರು ಲಿಮಯೆ ಕಾಕಾ. ಇಲ್ಲಿಯ ಬಣ್ಣದ ಕಾರ್ಖಾನೆಯೊಂದರಲ್ಲಿ ಬಣ್ಣಕ್ಕೆ ಬಣ್ಣ ಹೊಂದಿಸುವ ಕೆಲಸ ಮಾಡಿ ನಿವೃತ್ತರಾದವರು. ಬೇರೆಯವರ ಹಾಲಿನಲ್ಲಿ ಸೋಫಾ ಇರುವ ಕಡೆ ಅವರ ಹಾಲಿನಲ್ಲಿ ಒಂದು ದೊಡ್ಡ ಪ್ಲೈವುಡ್ ಮೇಜು. ಅದರ ಮೇಲೆ ಥರ್ಮಾಕೋಲಿನ ಗುಡ್ಡ, ಮರದ ಪುಡಿಯ ಹುಲ್ಲು, ಹೊಳೆ, ಘಾಟಿನ ದಾರಿ. ಒಂದು ಕಡೆ ಮರಾಠ ಪಡೆ, ಇನ್ನೊಂದು ಕಡೆ ಬಿಜಾಪುರದ ಪಡೆ. ದಾಳ ಎಸೆದು, ಟೇಪು ಹಿಡಿದು ಅಳೆದು, ಇಬ್ಬರು ಎದುರುಬದುರು ನಿಂತು ಆಡುವ ಯುದ್ಧದಾಟ ಇದು. ಮಕ್ಕಳಾಟವೆಂದು ನಗಬೇಡಿ, ನಾನೂ ಮೊದಲು ನಕ್ಕೆ. ಬಿಜಾಪುರದ ಕಡೆ ಆಡುತ್ತಿದ್ದ ಅವರ ಸ್ನೇಹಿತರು ತೀರಿಕೊಂಡ ಮೇಲೆ ಕಾಕಾ ಎರಡೂ ಕಡೆ ತಾವೇ ಆಡುತ್ತಿದ್ದರು. ಮೇಜಿನ ಈ ಬದಿಯಿಂದ ಆ ಬದಿಗೆ ನಡೆದು, ತಮಗೆ ತಾವೇ ಸೋಲುತ್ತಿದ್ದರು. ಈಗ ಬಿಜಾಪುರದ ಕಡೆಯ ಆಟಗಾರ ನಾನು.

ನನ್ನ ಕೆಲಸ ಐರೋಲಿಯಲ್ಲಿ. ವಿಮೆಯ ಪರಿಹಾರ ಕೇಳಿದವರ ಕಾಗದಗಳನ್ನು ತಾಳೆ ನೋಡುವುದು. ಜನ ಹೇಳಿದ್ದನ್ನು ನಂಬದಿರುವುದಕ್ಕೆ ಸಂಬಳ. ಧಾರವಾಡದಲ್ಲಿ ಇತಿಹಾಸ ಓದುವಾಗಲೂ ಮೇಷ್ಟ್ರುಗಳು ಕಲಿಸಿದ್ದು ಅದನ್ನೇ. ಐರೋಲಿಗೆ ಹೋಗುವವನು ಡೊಂಬಿವಲಿಯಲ್ಲಿ ಯಾಕೆ ಇರುತ್ತಾನೆ ಎಂದು ಆಫೀಸಿನಲ್ಲಿ ಕೇಳುತ್ತಾರೆ. ಬಾಡಿಗೆ ಕಡಿಮೆ ಎನ್ನುತ್ತೇನೆ. ಅದು ಅರ್ಧ ಸತ್ಯ. ಡೊಂಬಿವಲಿಯಿಂದ, ನಾನು ಗಾಡಿ ಬದಲಿಸುವ ಠಾಣೆಗೆ ಸ್ಲೋ ಲೋಕಲ್ ಹಿಡಿದರೆ ದಾರಿಯಲ್ಲಿ ಮುಂಬ್ರಾ ಬರುತ್ತದೆ. ಫಾಸ್ಟ್ ಅಲ್ಲಿ ನಿಲ್ಲುವುದಿಲ್ಲ. ನಾನು ಫಾಸ್ಟ್ ಹತ್ತುವುದಿಲ್ಲ.

ನನ್ನ ಅಣ್ಣ ಮಲ್ಲೇಶಿ ಮುಂಬ್ರಾದಲ್ಲಿ ಗಾರೆ ಕೆಲಸಕ್ಕೆಂದು ಊರು ಬಿಟ್ಟಾಗ ನಾನು ಚಿಕ್ಕವನು. ಊರಿನವರ ಬಾಯಲ್ಲಿ ಕೆಲವು ಸಲ ಸುದ್ದಿ ಬಂತು, ಆಮೇಲೆ ನಿಂತುಹೋಯಿತು. ಮನೆಯಲ್ಲಿದ್ದ ಅವನ ಒಂದೇ ಫೋಟೋವನ್ನು, ಅವನನ್ನು ಹುಡುಕಲು ಹೊರಟವರೊಬ್ಬರ ಕೈಯಲ್ಲಿ ಅಪ್ಪ ಕೊಟ್ಟಿದ್ದ. ಅದು ಕೈಯಿಂದ ಕೈಗೆ ಹೋಗಿ ಎಲ್ಲೋ ಕಳೆಯಿತು. ಅವ್ವ ಇರುವ ತನಕ ಮುಂಬೈಯಿಂದ ಬಂದ ಪ್ರತಿಯೊಬ್ಬರನ್ನೂ ಕೇಳುತ್ತಿದ್ದಳು, "ನಮ್ಮ ಮಲ್ಲ ಎಲ್ಲಿದ್ದಾನ?" ಅವಳು ಹೋದ ಮೇಲೆ ಮನೆಯಲ್ಲಿ ಯಾರೂ ಆ ಹೆಸರು ಎತ್ತಲಿಲ್ಲ.

ಮುಂಬ್ರಾ ಪ್ಲಾಟ್‌ಫಾರ್ಮಿನಲ್ಲಿ ಇಳಿಯುವ, ಹತ್ತುವ ಮುಖಗಳನ್ನು ನಾನು ದಿನವೂ ನೋಡುತ್ತೇನೆ. ಬೆಟ್ಟ ಒಂದು ಕಡೆ, ಖಾಡಿ ಎಂಬ ಸಮುದ್ರದ ಹಿನ್ನೀರು ಇನ್ನೊಂದು ಕಡೆ, ನಡುವೆ ಮುಖಗಳು. ಆದರೆ ನಾನು ಹುಡುಕುವ ಮುಖ ಯಾವುದೆಂದು ನನಗೆ ಗೊತ್ತಿಲ್ಲ. ಅಣ್ಣನ ಮುಖ ನನಗೆ ನೆನಪಿಲ್ಲ. ಅವನೇ ಎಂದಾದರೂ ನನ್ನ ಪಕ್ಕದಲ್ಲಿ ಕೂತಿದ್ದರೂ, "ಜರಾ ಸರಕಿಯೇ" ಎಂದು ನಾನು ಅವನನ್ನು ಸರಿಸಿ ಕೂತಿರುತ್ತೇನೆ. ಇಲ್ಲಿಯ ಲೋಕಲಿನಲ್ಲಿ ಮೂವರ ಸೀಟಿನ ಅಂಚಿನಲ್ಲಿ ನಾಲ್ಕನೆಯವನಾಗಿ ಅರ್ಧ ಕುಂಡಿ ಊರುವುದಕ್ಕೆ 'ಚೌಥೀ ಸೀಟ್' ಎನ್ನುತ್ತಾರೆ. ಬಂದ ಹೊಸದರಲ್ಲಿ ಅದನ್ನು ಕೇಳಿ ಪಡೆಯಲು ಬಾಯಿ ಬರುತ್ತಿರಲಿಲ್ಲ. ಈಗ ಕೇಳದೆಯೇ ಜನ ಸರಿಯುತ್ತಾರೆ. ಈ ಊರು ನನಗೆ ಕೊಟ್ಟಿರುವ ಜಾಗ ಸದ್ಯಕ್ಕೆ ಅಷ್ಟು.

ಬಣ್ಣ ಹಚ್ಚುವುದನ್ನು ಕಾಕಾ ಕಲಿಸಿದರು. ಬೊಂಬೆಯನ್ನು ಬಾಟಲಿಯ ಮುಚ್ಚಳಕ್ಕೆ ಅಂಟಿಸಿ ಹಿಡಿಯಬೇಕು. ಮೊದಲು ಕಪ್ಪು ಪ್ರೈಮರ್, ಅದರ ಮೇಲೆ ಬಟ್ಟೆಯ ಬಣ್ಣ, ಅದರ ಮೇಲೆ ನೀರಾದ ಕಂದು ಬಣ್ಣ. ಅದು ತಾನಾಗಿ ಮಡಿಕೆಗಳೊಳಗೆ ಇಳಿದು ನೆರಳಾಗುತ್ತದೆ. ಕೊನೆಗೆ ಮೂಗಿನ ತುದಿಗೆ, ಕೆನ್ನೆಯ ಎಲುಬಿಗೆ ಬೆಳಕು. ನಮ್ಮ ಇಂಡಿಯ ಬಿಸಿಲಿನಲ್ಲಾದರೆ ಬಣ್ಣ ಕುಂಚದಲ್ಲೇ ಒಣಗಿಬಿಡುತ್ತದೆ. ಇಲ್ಲಿ ಮಳೆಗಾಲದಲ್ಲಿ ಒಂದು ರುಮಾಲು ಒಣಗಲು ಇಡೀ ದಿನ ಬೇಕು. ಗಾಳಿ ಕಾರ್ಖಾನೆಗಳ ಕಡೆಯಿಂದ ಬಂದರೆ ಯಾವ ವಾಸನೆ ಬಣ್ಣದ್ದು, ಯಾವುದು ಊರಿನದು ಎಂದು ತಿಳಿಯುವುದಿಲ್ಲ.

"ನಿಮ್ಮವರ ಅಂಗಿ ಯಾವ ಬಣ್ಣ?" ಎಂದು ಕಾಕಾ ಮರಾಠಿಯಲ್ಲಿ ಕೇಳಿದರು. "ನೀವು ಇತಿಹಾಸದವರಲ್ಲವೇ."

"ಪುರಾವೆ ಇಲ್ಲ ಕಾಕಾ. ಆ ಕಾಲದಲ್ಲಿ ಒಂದೇ ಸಮವಸ್ತ್ರ ಇರಲಿಲ್ಲ. ಚಿತ್ರ ಬರೆದವರು ದರಬಾರಿನವರು, ಸಾಮಾನ್ಯ ಸಿಪಾಯಿ ಏನು ಉಟ್ಟಿದ್ದನೋ ಖಚಿತವಾಗಿ ಹೇಳಲು ಬರುವುದಿಲ್ಲ."

"ಅಂದರೆ ಬರಿಮೈಯಲ್ಲಿ ಯುದ್ಧಕ್ಕೆ ಕಳಿಸುತ್ತೀರಾ? ನಾಗ್ಡಾ ನಕೋ!"

ಬಣ್ಣವಿಲ್ಲದ ಬೊಂಬೆಗೆ ಕಾಕಾ 'ನಾಗ್ಡಾ' ಎನ್ನುತ್ತಾರೆ, ಬತ್ತಲೆ ಎಂದರ್ಥ. ನಾಗ್ಡಾ ಮೇಜು ಹತ್ತುವಂತಿಲ್ಲ, ಅದು ಅವರ ಮನೆಯ ನಿಯಮ. ಗೊತ್ತಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಹಾಗೇ ಬಿಡುವಂತಿಲ್ಲ. ನಾನು ಮಣಿದೆ. ಕಣ್ಣು ಬರೆಯಲು ಹೋಗಿ ಹತ್ತಾರು ಸಿಪಾಯಿಗಳನ್ನು ಗಾಬರಿಬಿದ್ದವರಂತೆ ಮಾಡಿದಾಗ ಅವರು ಇನ್ನೊಂದು ಮಾತು ಹೇಳಿದರು. ಕಣ್ಣು ಬರೆಯಲೇಬೇಡಿ, ಹುಬ್ಬಿನ ಕೆಳಗೆ ಒಂದಿಷ್ಟು ನೆರಳು ಬಿಡಿ, ನೋಡುವವರು ಕಣ್ಣನ್ನು ತಾವೇ ತುಂಬಿಕೊಳ್ಳುತ್ತಾರೆ. ಹಾಗೆ ಮಾಡಿದೆ. ನಿಜಕ್ಕೂ ಕಣ್ಣು ಕಂಡಿತು. ನನಗೆ ಭಯವಾಯಿತು.

ಯಾಕೆಂದರೆ ನನ್ನ ಬಳಿ ಅಣ್ಣನದೊಂದು ನೆನಪು ಉಳಿದಿದೆ. ಕಾರಹುಣ್ಣಿಮೆ ಕಳೆದು ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ನಮ್ಮ ಕಡೆ ಕರಿಮಣ್ಣಿನಲ್ಲಿ ಜೋಡೆತ್ತು ಮಾಡಿ ಪೂಜಿಸುತ್ತೇವಲ್ಲ, ಒಂದು ವರ್ಷ ಅಣ್ಣ ಮಾಡಿದ ಬೊಂಬೆಯ ಮೇಲೆ ಒಬ್ಬ ಸವಾರ ಕೂತಿದ್ದ. ತಲೆಗೆ ಹಸಿರು ರುಮಾಲು. ಗೋಡೆಯ ಮಾಡದಲ್ಲಿ ದೀಪದ ಹಿಂದೆ ಅವನು ಕೂತಿದ್ದುದು ನನಗೆ ಈಗಲೂ ಕಾಣುತ್ತದೆ. ಮುಖ ಹೋಗಿದೆ, ಕೈ ಹೋಗಿದೆ, ದನಿ ಹೋಗಿದೆ. ಅಣ್ಣ ಮಾಡಿದ ಆ ಸವಾರ ಮಾತ್ರ ಇದ್ದಾನೆ.

ಹಾಗಾಗಿ ಬಿಜಾಪುರ ಪಡೆಯ ಸರದಾರನ ಬೊಂಬೆ, ಕುದುರೆ ಮೇಲೆ ಕೂತವನು, ನನ್ನ ಪಾಲಿಗೆ ಬಂದಾಗ ನಾನು ಅವನಿಗೆ ಹಸಿರು ರುಮಾಲು ಹಚ್ಚಿದೆ. ಆಮೇಲೆ ಮುಖ ಬರೆಯತೊಡಗಿದೆ. ಬರೆದೆ, ಸ್ಪಿರಿಟಿನಲ್ಲಿ ಅದ್ದಿ ತೊಳೆದೆ, ಮತ್ತೆ ಬರೆದೆ. ಒಂದೊಂದು ಸಲವೂ ಹಿಂದೆ ಬರೆದದ್ದು ನೆನಪಿನ ಮೇಲೆ ಕೂತುಬಿಡುತ್ತಿತ್ತು. ನಾನು ಹುಡುಕುತ್ತಿದ್ದೇನೋ ಅಳಿಸುತ್ತಿದ್ದೇನೋ ತಿಳಿಯದಾಯಿತು. ಕೊನೆಗೊಂದು ಮುಖ ಬಂತು, ತುಸು ಮುಂದೆ ಬಂದ ಗದ್ದ, ಇಳಿದ ಕೆನ್ನೆ. ನೋಡಿದ ಕೂಡಲೇ ಕುಂಚ ಕೆಳಗಿಟ್ಟೆ. ಇವನೇ. ಆಫೀಸಿನಲ್ಲಾದರೆ ಇಷ್ಟು ಖಚಿತವಾಗಿ ಹೇಳುವವರ ಕಾಗದವನ್ನೇ ನಾವು ಮೊದಲು ಬದಿಗಿಡುತ್ತೇವೆ.

ಅಪ್ಪನೂ ಹೋದ ಮೇಲೆ ತಾಳೆ ನೋಡಲು ಒಬ್ಬಳೇ ಇದ್ದಳು, ಅಕ್ಕ ಶಾಂತವ್ವ. ನನಗಿಂತ ಎಷ್ಟೋ ಮೊದಲೇ ಮದುವೆಯಾಗಿ ಇಲ್ಲೇ ಪಕ್ಕದ ಕಲ್ಯಾಣಕ್ಕೆ ಬಂದವಳು. ಭಾವ ಅಲ್ಲಿಯ ಮಾರ್ಕೆಟ್ಟಿನಲ್ಲಿ ಮೂಟೆ ಇಳಿಸುತ್ತಾರೆ. ಅವಳನ್ನು ಇಷ್ಟು ವರ್ಷ ಕೇಳದೆ ಇದ್ದುದಕ್ಕೆ ಕಾರಣ ಸಂಕೋಚವಲ್ಲ. ಕೇಳದ ತನಕ ಸವಾರ ಸುರಕ್ಷಿತವಾಗಿದ್ದ.

ಹೋದಾಗ ರೊಟ್ಟಿ ಬಡಿಯುತ್ತಿದ್ದಳು. ಇಲ್ಲಿ ಅದಕ್ಕೆ ಭಾಕರಿ ಎನ್ನುತ್ತಾರೆ, ಸಪ್ಪಳ ಮಾತ್ರ ಅದೇ. ನಾನು ಹತ್ತಿಯಲ್ಲಿ ಸುತ್ತಿದ್ದ ಸವಾರನನ್ನು ಬಿಚ್ಚಿ ಹಲಗೆಯ ಪಕ್ಕ ಇಟ್ಟೆ.

"ಅಯ್ಯ, ಎಷ್ಟ್ ಚಂದ ಮಾಡೀಯೋ! ನೌಕರಿ ಬಿಟ್ಟು ಇದನ್ನ ಮಾಡಾಕ ಹತ್ತೀಯೇನು? ಅದಕ್ಕಽ ನಿನಗ ಯಾರೂ ಹೆಣ್ಣ ಕೊಡವಲ್ರು."

"ಯಾರಂತ ಗೊತ್ತಾತೇನಕ್ಕ?"

"ಯಾವ ರಾಜಾನೋ ಏನೋ. ನಿನ್ನ ಪುಸ್ತಕದಾಗಿನ ಮಂದಿ ನನಗೇನ್ ಗೊತ್ತು?"

"ಮಲ್ಲಣ್ಣ."

ರೊಟ್ಟಿ ಬಡಿಯುವುದು ನಿಂತಿತು. ಹೆಂಚಿನ ಮೇಲಿದ್ದದ್ದನ್ನು ಅವಳು ಮಗುಚಿ ಹಾಕಲಿಲ್ಲ. ನಾನು ಗೋಡೆಯ ಮಾಡದ ವಿಷಯ, ಅಮಾವಾಸ್ಯೆಯ ವಿಷಯ, ಹಸಿರು ರುಮಾಲಿನ ಸವಾರನ ವಿಷಯ ಎಲ್ಲ ಹೇಳಿದೆ. ಕೇಳುತ್ತ ಕೇಳುತ್ತ ಅವಳ ಹುಬ್ಬು ಗಂಟಿಕ್ಕಿತು.

"ಸವಾರ ಎಲ್ಲೀದೋ ತಮ್ಮಾ? ಮಣ್ಣೆತ್ತಿನ ಅಮಾಸಿಗೆ ಯಾರರೆ ಕುದರಿ ಮಾಡ್ತಾರೇನು? ಎತ್ತು ಅದು."

"ಎತ್ತಿನ ಮ್ಯಾಲ ಒಬ್ಬಾವ ಕುಂತಿದ್ದ. ನಾ ನೋಡೀನಿ."

"ಇಣಿ ಅದು."

ಇಣಿ ಎಂದರೆ ಎತ್ತಿನ ಹೆಗಲ ಮೇಲಿನ ಡುಬ್ಬ. ನಿಮ್ಮ ಮಾತಿರಲಿ, ನನಗೇ ಒಂದು ಕ್ಷಣ ಆ ಶಬ್ದ ಹೊಳೆಯಲಿಲ್ಲ.

"ಒಂದ್ ಎತ್ತಿಂದು ಇಣಿ ದೊಡ್ಡದಾತು. ನಾವೆಲ್ಲ ನಕ್ಕಿವಿ. ಸಿಟ್ಟಿಗೆದ್ದು ಮಲ್ಲ ನನ್ನ ಕುಬಸದ ಹಸರ ಚಿಂದಿ ತಂದು ಅದಕ್ಕ ಸುತ್ತಿಬಿಟ್ಟ. ನೀ ಸಣ್ಣಾವ, ಮಾಡದಾಗ ಕತ್ತಲಿ. ಯಾರೋ ಕುಂತಾರ ಅಂತ ತಿಳಕೊಂಡಿ."

ನನ್ನ ಅಣ್ಣನ ಒಂದೇ ನೆನಪು ಒಂದು ಎತ್ತಿನ ಡುಬ್ಬ. ಅದರ ಮೇಲೆ ನಾನು ಇಷ್ಟು ವರ್ಷ ಒಬ್ಬ ಮನುಷ್ಯನನ್ನು ಕೂರಿಸಿದ್ದೆ. ಹುಬ್ಬಿನ ಕೆಳಗಿನ ನೆರಳಿಗೆ ಕಣ್ಣು ತುಂಬಿಕೊಂಡ ಹಾಗೆಯೇ.

"ಮಾರೀನಾದ್ರೂ?" ಎಂದು ಬೊಂಬೆಯ ಮುಖ ತೋರಿಸಿದೆ. "ಮಾರಿ ಹಿಂಗಽ ಇತ್ತಲ್ಲ?"

ಅಕ್ಕ ಕೈ ಒರೆಸಿಕೊಂಡು ಬೊಂಬೆಯನ್ನು ಕಿಟಕಿಯ ಬೆಳಕಿಗೆ ಒಯ್ದಳು. ಬಹಳ ಹೊತ್ತು ನೋಡಿದಳು. ತಿರುಗಿದಾಗ ಅವಳ ಕಣ್ಣು ನನ್ನನ್ನು ತಪ್ಪಿಸುತ್ತಿತ್ತು.

"ಖರೆ ಹೇಳ್ಲಿ? ನನಗ ಅವನ ಮಾರಿ ನೆನಪಿಲ್ಲೋ. ನೀ ಸಾಲಿ ಕಲತಾವ, ನಿನಗ ಇರ್ತದ ಅಂತ ನಾ ಬಿಟ್ಟುಬಿಟ್ಟಿದ್ದೆ."

ನಾನು ಅವಳು ದೊಡ್ಡವಳು, ಅವಳಿಗೆ ಇರುತ್ತದೆ ಎಂದು ಬಿಟ್ಟಿದ್ದೆ. ಒಬ್ಬ ಮನುಷ್ಯನ ಮುಖವನ್ನು ನಾವಿಬ್ಬರೂ ಒಬ್ಬರ ಬಳಿ ಒಬ್ಬರು ಇಟ್ಟು ನಿಶ್ಚಿಂತೆಯಾಗಿದ್ದೆವು. ಅದು ಎಲ್ಲಿಯೂ ಇರಲಿಲ್ಲ. ಹೆಂಚಿನ ಮೇಲೆ ರೊಟ್ಟಿ ಸೀದ ವಾಸನೆ ಬಂದ ಮೇಲೆಯೇ ಇಬ್ಬರೂ ಅಲುಗಿದ್ದು.

ಅಷ್ಟರಲ್ಲಿ ಅಕ್ಕನ ಮಗಳು ಶ್ರದ್ಧಾ ಕಾಲೇಜಿನಿಂದ ಬಂದಳು. ಅವಳಿಗೆ ನಮ್ಮ ಮಾತು ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ.

"ಆಯೀ, ಹಾ ಕೋಣ?" ಇವನು ಯಾರು ಎಂದು ಕೇಳಿದಳು.

"ನಿನ್ನ ಮಾಮಾ," ಎಂದಳು ಅಕ್ಕ.

"ಮಾಮಾ ತರ್ ಹಾ ಆಹೇ!" ಮಾಮಾ ಇವನಲ್ಲವೇ ಎಂದು ನನ್ನ ಕಡೆ ಬೆರಳು ತೋರಿಸಿ ನಕ್ಕಳು.

"ದೊಡ್ಡ ಮಾಮಾ."

ಹುಡುಗಿ ನಗು ನಿಲ್ಲಿಸಿ, ಬಾಗಿ, ಆ ಮುಖವನ್ನು ಹತ್ತಿರದಿಂದ ನೋಡಿದಳು. ಅವಳು ಅದನ್ನು ಕಲಿಯುತ್ತಿದ್ದುದು ನನಗೆ ಕಾಣುತ್ತಿತ್ತು.

"ಅಕ್ಕಾ, ಅದು ಸುಳ್ಳು. ನಾ ಮನಸಿಗೆ ಬಂದಂಗ ಬರದೀನಿ. ಕೊಡಿಲ್ಲಿ, ತೊಳೀತೀನಿ."

"ಇರ್ಲಿ ಬಿಡು," ಎಂದು ಅವಳು ಅವನನ್ನು ದೇವರ ಗೂಡಿನಲ್ಲಿ ದೀಪದ ಪಕ್ಕ ಇಟ್ಟಳು. "ಯಾವುದರೆ ಒಂದ್ ಮಾರಿ ಬೇಕಲ್ಲಪ. ಎಷ್ಟ್ ವರ್ಷ ಅಂತ ಹಂಗಽ ಬಿಡೂದು?"

ಬರುವಾಗ ಕಲ್ಯಾಣದಿಂದ ಫಾಸ್ಟ್ ಹತ್ತಿದೆ. ಡೊಂಬಿವಲಿಯ ತನಕ ಯಾವ ಮುಖವನ್ನೂ ನೋಡಲಿಲ್ಲ.

ಮುಂದಿನ ಭಾನುವಾರ ಕಾಕಾ ಮೇಜು ಅಣಿಮಾಡಿದ್ದರು. ಕಿಟಕಿಯ ಕಡೆ ಮಳೆನೀರು ಸೋರುತ್ತಿತ್ತೆಂದು ಅದನ್ನು ಗೋಡೆಗೆ ತಿರುಗಿಸಿ ಹಾಕಿದ್ದರು. ಗುಡ್ಡ, ಹೊಳೆ ಎಲ್ಲ ಕಲಸಿಹೋಗಿದ್ದವು. ನನ್ನ ಪಡೆಯನ್ನು ಸಾಲು ನಿಲ್ಲಿಸಿ, ನಡುವಿನ ಖಾಲಿ ಜಾಗ ನೋಡಿದರು.

"ತುಮ್ಚಾ ಸರದಾರ್ ಕುಠೆ ಆಹೇ?"

ಎಲ್ಲಿದ್ದಾನೆ? ಅವ್ವ ಕೇಳುತ್ತಿದ್ದುದೂ ಇದನ್ನೇ. ನಮ್ಮ ಮನೆಯಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ.

"ಕಲ್ಯಾಣದಲ್ಲಿದ್ದಾನೆ," ಎಂದೆ. "ಅಕ್ಕನ ಮನೆಯಲ್ಲಿ."

ಕಾಕಾ ಹೆಚ್ಚು ಕೇಳದೆ ಆ ಜಾಗದಲ್ಲಿ ಖಾಲಿ ಎಂಬ ಗುರುತಿಗೆ ಅಂಗಿಯ ಒಂದು ಗುಂಡಿ ಇಟ್ಟು ದಾಳ ನನ್ನ ಕೈಗೆ ಕೊಟ್ಟರು. ಸರದಾರ ಕಾಣದ ಪಡೆ ನಿಲ್ಲುತ್ತದೋ ಓಡುತ್ತದೋ ಎಂದು ದಾಳ ಹೇಳಬೇಕು. ಎಸೆದೆ. ಓಡಬೇಕೆಂದು ಬಿತ್ತು. ಓಡುವವರು ತಮ್ಮ ಊರಿನ ಕಡೆಯ ಅಂಚಿಗೇ ಓಡಬೇಕು, ಅದೂ ನಿಯಮವೇ. ಕಾಕಾ ಟೇಪು ಎಳೆದು ನಿಂತರು, ಆ ಕಡೆ ನೋಡಿದರು, ಈ ಕಡೆ ನೋಡಿದರು. ತಿರುಗಿಸಿ ಹಾಕಿದ ಮೇಜಿನಲ್ಲಿ ಅವರಿಗೂ ದಿಕ್ಕು ತಪ್ಪಿತ್ತು.

"ಸಾಂಗಾ, ಬಿಜಾಪುರ್ಕರ್," ಎಂದರು. "ತುಮ್ಚಂ ಗಾವ್ ಕುಠಲ್ಯಾ ಬಾಜೂಲಾ?" ಹೇಳಿ, ನಿಮ್ಮ ಊರು ಯಾವ ಕಡೆಗೆ?

ಮೊದಲ ದಿನ ಅವರು ಅಂಗೈಗೆ ಕೊಟ್ಟ ಬಂದೂಕಿನವನನ್ನು ಎತ್ತಿಕೊಂಡೆ. ಆಮೇಲೆ ಒಂದು ಅಂಚನ್ನು ತೋರಿಸಿದೆ. ಅದಕ್ಕೆ ನನ್ನಲ್ಲಿ ಯಾವ ಪುರಾವೆಯೂ ಇರಲಿಲ್ಲ.