ಗೋಡೆಯಕ್ಕನ ಮಂತ್ರಗಾತಿ

ಆಸ್ಪತ್ರೆಯ ತುರ್ತು ವಿಭಾಗದ ಬಾಗಿಲು ಕಾಯುವ ಹೆಂಗಸಿಗೆ ಗೋಡೆಯಕ್ಕ ಅಂತ ಹೆಸರಿಟ್ಟವರು ನರ್ಸುಗಳು. ಎತ್ತರದ ಆಳು, ಅಗಲವಾದ ಭುಜ. ಕುಡಿದು ಬಂದು ಡಾಕ್ಟರ ಕೊರಳಪಟ್ಟಿ ಹಿಡಿಯುವವರನ್ನು ರಟ್ಟೆ ಹಿಡಿದು ಮೆಟ್ಟಿಲಿಳಿಸುವುದೇ ಅವಳ ಕೆಲಸ. ಎಷ್ಟೋ ಸಲ ಕಚ್ಚಿಸಿಕೊಂಡಿದ್ದಳು, ಉಗುಳಿಸಿಕೊಂಡಿದ್ದಳು. ಒಬ್ಬ ಒಡೆದ ಬಾಟಲಿಯಿಂದ ಎಳೆದ ಗೀರು ಮೊಣಕೈಯಿಂದ ಮಣಿಕಟ್ಟಿನವರೆಗೂ ಇತ್ತು. "ಇದೂ ಒಂದು ಕೆಲಸವಾ ತಾಯಿ?" ಅಂತ ಗೊಣಗುತ್ತಲೇ ಮನೆಯಲ್ಲಿ ಅತ್ತೆ ಮುಲಾಮು ಹಚ್ಚುತ್ತಿದ್ದಳು.

ಪಾಳಿ ಮುಗಿದ ಮೇಲೆ ಔಷಧಿ ಗೋದಾಮಿನಲ್ಲಿ, ಸಲೈನ್ ಪೆಟ್ಟಿಗೆಗಳ ನಡುವೆ, ಒಂದು ಆಟ ನಡೆಯುತ್ತಿತ್ತು. ಕಥೆ ಹೇಳಿ ಆಡಿಸುವವನು ಕಾಂಪೌಂಡರ್. ಆಡುವವರು ಎಕ್ಸ್‌ರೇ ತೆಗೆಯುವವನು ಮತ್ತು ಹೆರಿಗೆ ವಾರ್ಡಿನ ನರ್ಸು. ಒಬ್ಬೊಬ್ಬರೂ ಒಂದು ಪಾತ್ರ ಕಟ್ಟಿಕೊಳ್ಳಬೇಕು; ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು ಅನ್ನುವ ಗುಣಗಳಿಗೆ ಅಂಕ ಹಂಚಬೇಕು; ಆಮೇಲೆ ದಾಳ ಉರುಳಿಸಿ ರಾಕ್ಷಸರ ಜೊತೆ ಬಡಿದಾಡಬೇಕು. ಒಂದು ದಿನ ಗೋಡೆಯಕ್ಕನನ್ನೂ ಎಳೆದು ಕೂರಿಸಿದರು.

"ಗದೆ ಹಿಡಿಯೋಳು ಬೇಡ ಕಣೋ, ದಿನಾ ಮಾಡೋದು ಅದೇ," ಅಂದಳು. "ಮಂತ್ರ ಹಾಕೋಳು ಬೇಕು. ದೂರದಿಂದಲೇ ಸುಟ್ಟುಬಿಡಬೇಕು."

"ಮಂತ್ರ ಎಲ್ಲಿಂದ ಬಂತು ಅನ್ನೋದರ ಮೇಲಿದೆ ಅಕ್ಕಾ," ಅಂದ ಕಾಂಪೌಂಡರ್. "ಓದಿ ಕಲಿತಿದ್ರೆ ಬುದ್ಧಿ ಬೇಕು. ದೇವರು ಕೊಟ್ಟಿದ್ರೆ ವಿವೇಕ. ಹುಟ್ಟುವಾಗಲೇ ರಕ್ತದಲ್ಲಿ ಬಂದಿದ್ರೆ ವರ್ಚಸ್ಸು."

"ಓದಿದೋಳೇ ಇರ್ಲಿ. ನಾನಂತೂ ಓದಲಿಲ್ಲ."

ಸಿಕ್ಕಿದ್ದೆಲ್ಲ ಬುದ್ಧಿಗೆ ಸುರಿದಳು. ಹಿಂದೆ ನಿಲ್ಲುವವಳಿಗೆ ತಾಳಿಕೆ ಯಾಕೆ ಅಂತ ಅದಕ್ಕೆ ಚೂರುಪಾರು ಹಾಕಿದಳು.

ಮೊದಲ ಕಾಳಗ ಒಂದು ಸೇತುವೆಯ ಮೇಲೆ. ತೋಳದ ಮುಖದವರ ದಂಡು ಮೇಲೆ ಬಿತ್ತು. ಗೋಡೆಯಕ್ಕನ ಮಂತ್ರಗಾತಿ ಸುತ್ತಲೂ ಬೆಂಕಿಯ ಬಳೆ ಎಬ್ಬಿಸಿದಳು. ಮರದೆತ್ತರದ ಬೆಂಕಿ! ಅಷ್ಟರಲ್ಲಿ ಒಂದು ಬಾಣ ಬಂದು ಅವಳ ಹೆಗಲಿಗೆ ನಾಟಿತು. ಏಟು ಬಿದ್ದರೂ ಗಮನ ಕದಲದಿದ್ದರೆ ಮಾತ್ರ ಮಂತ್ರ ಉಳಿಯುತ್ತದೆ. ಅದಕ್ಕೆ ದಾಳ ಹಾಕಬೇಕು, ಬಿದ್ದದ್ದಕ್ಕೆ ತಾಳಿಕೆಯ ಅಂಕ ಕೂಡಿಸಬೇಕು. ದಾಳವೂ ಕೈಕೊಟ್ಟಿತು, ಕೂಡಿಸಲು ಹೆಚ್ಚೇನೂ ಇರಲಿಲ್ಲ. ಬೆಂಕಿ ಆರಿತು. ಆಮೇಲೆ ನಡೆದದ್ದು ಕಗ್ಗೊಲೆ. ಎಕ್ಸ್‌ರೇಯವನ ಕತ್ತಿವೀರನ ತಲೆ ನದಿಗೆ ಬಿತ್ತು. ನರ್ಸಿನ ವೈದ್ಯೆಯನ್ನು ಭರ್ಜಿಯಿಂದ ಸೇತುವೆಗೇ ಚುಚ್ಚಿ ನಿಲ್ಲಿಸಿದರು. ಮಂತ್ರಗಾತಿಯ ಹೊಟ್ಟೆ ಬಗೆದರು. ಕಾಂಪೌಂಡರ್ ಇದನ್ನೆಲ್ಲ ಮಾತ್ರೆ ಎಣಿಸುವಷ್ಟೇ ತಣ್ಣಗೆ ಹೇಳಿ ಮುಗಿಸಿದ.

"ಇಷ್ಟು ಬುದ್ಧಿ ಇಟ್ಕೊಂಡು ಒಂದೇ ಏಟಿಗೆ ಹೋದ್ಲಾ?"

"ಬೆಂಕಿ ಎಷ್ಟು ಜೋರು ಅನ್ನೋದು ಬುದ್ಧಿ ಅಕ್ಕಾ. ಒದೆ ತಿಂದ ಮೇಲೂ ಉರೀಬೇಕಂದ್ರೆ ತಾಳಿಕೆ."

ಅವಳು ಹೊಸ ಮಂತ್ರಗಾತಿಯನ್ನು ಕಟ್ಟಿದಳು. ಬುದ್ಧಿಯಿಂದ ಕಿತ್ತು ತಾಳಿಕೆಗೆ ಹಾಕಿದಳು. "ಈ ಬೆಂಕೀಲಿ ಬೀಡಿನೂ ಹತ್ತಲ್ಲ," ಅಂತ ಎಕ್ಸ್‌ರೇಯವನು ನಕ್ಕ.

"ಚಿಕ್ಕದಿರ್ಲಿ. ಆರಬಾರದು, ಅಷ್ಟೇ."

ಮುಂದಿನ ಕಾಳಗದಲ್ಲಿ ಅವಳ ಮಂತ್ರಗಾತಿ ತೊಡೆಗೆ ಭರ್ಜಿ ತಿಂದೂ ನಿಂತಳು. ಮೊಣಕಾಲೆತ್ತರದ ಬೆಂಕಿ ಕದಲಲಿಲ್ಲ. ತೋಳಮುಖದವರು ಕಾಲು ಬೆಂದು ಕಿರುಚುತ್ತ ಉರುಳಿದರು. ಗೋಡೆಯಕ್ಕ ಪೆಟ್ಟಿಗೆ ಗುದ್ದಿ ನಕ್ಕಳು.

ಆ ವಾರವೇ, ಹಗಲು ಹೊತ್ತಿನಲ್ಲಿ, ಬೈಕಿನಿಂದ ಬಿದ್ದ ಯುವಕನೊಬ್ಬನನ್ನು ತಂದರು. ಆಪರೇಷನ್ನಿಗೆ ಒಯ್ಯುವ ಮೊದಲೇ ಜೀವ ಹೋಯಿತು. ಅವನ ಅಣ್ಣ ವೆಲ್ಡರ್. ಸುದ್ದಿ ಕೇಳಿ ಹೊರಗೆ ಓಡಿದವನು ಸ್ನೇಹಿತರ ಜೊತೆ ಕಬ್ಬಿಣದ ರಾಡು ಹಿಡಿದು ವಾಪಸು ಬಂದ. "ಎಲ್ಲಿ ಆ ಡಾಕ್ಟ್ರು? ಹೊರಗೆ ಹಾಕಿ ಅವನ್ನ!"

ಒಳಬಾಗಿಲಿನ ಚಿಲಕ ಕಿತ್ತುಹೋಗಿ ಎಷ್ಟೋ ಕಾಲವಾಗಿತ್ತು. ಒಳಗೆ ಎಳೇ ವಯಸ್ಸಿನ ಡಾಕ್ಟರು, ನರ್ಸುಗಳು, ಏಳಲಾಗದ ರೋಗಿಗಳು. ಗೋಡೆಯಕ್ಕ ಹೊರಗಡೆಯಿಂದಲೇ ಎರಡೂ ಕದಗಳ ಹಿಡಿಗಳ ಒಳಗೆ ತನ್ನ ತೋಳನ್ನೇ ಅಗುಳಿಯ ಹಾಗೆ ತೂರಿಸಿ ನಿಂತಳು.

"ಕೇಳಪ್ಪ, ನಿನ್ನ ತಮ್ಮನ್ನ ಉಳಿಸೋಕೆ ಅವರು..."

ಮಾತು ಮುಗಿಯಲಿಲ್ಲ. ಅಣ್ಣನ ರಾಡು ಅವಳ ಕೊರಳ ಬುಡಕ್ಕೆ ಬಿತ್ತು, ಮೂಳೆ ಲಟಕ್ಕೆಂದಿತು. ಒಬ್ಬ ಕೂದಲು ಹಿಡಿದು ಹಣೆಯನ್ನು ಬಾಗಿಲಿಗೆ ಚಚ್ಚಿದ. ಇನ್ನೊಬ್ಬ ಸಿಕ್ಕಿಹಾಕಿಕೊಂಡ ತೋಳಿನ ಮೇಲೆಯೇ ಬಾರಿಸಿದ. ಬಾಯ್ತುಂಬ ರಕ್ತ. ಅವಳು ಕೂಗಿದಳು, ಬೈದಳು, ಉಚ್ಚೆ ಹೋಯಿತು. ತೋಳು ಮಾತ್ರ ಎಳೆದುಕೊಳ್ಳಲಿಲ್ಲ.

ಬಾಗಿಲು ಜಗ್ಗದಿದ್ದಾಗ ಅಣ್ಣ ರಾಡು ಕೈಬಿಟ್ಟು ಪಕ್ಕದ ಕಿಟಕಿಯ ಗಾಜಿಗೆ ಮುಷ್ಟಿಯಿಂದ ಗುದ್ದಿದ. ಗಾಜು ಒಡೆಯಿತು, ಅವನು ಕೈ ಹೊರಗೆಳೆದ. ಮಣಿಕಟ್ಟಿನಿಂದ ರಕ್ತ ಚಿಮ್ಮಿ ಗೋಡೆಗೆ, ಅವಳ ಮುಖಕ್ಕೆ ಬಡಿಯಿತು. ಸ್ನೇಹಿತರು ರಾಡು ಬಿಸಾಕಿ ಓಡಿದರು. ಅವನು ಕೈ ನೋಡುತ್ತಾ ಅವಳ ಕಾಲ ಬಳಿ ಕುಸಿದ.

ಗೋಡೆಯಕ್ಕ ಅವನನ್ನು ನೋಡಿದಳು. ಸಾಯಲಿ ಅನ್ನಿಸಿತು, ಸುಳ್ಳೇಕೆ. ಆಮೇಲೆ ಮುರಿದ ತೋಳನ್ನು ಇನ್ನೊಂದು ಕೈಯಿಂದ ಹಿಡಿಗಳಿಂದ ಬಿಡಿಸುತ್ತ ಗಂಟಲು ಹರಿಯುವಂತೆ ಅರಚಿದಳು: "ಬಾಗಿಲು ತೆಗೀರೇ! ಪೇಷಂಟ್ ಇದಾನೆ!" ಒಳಗಿಂದ ಬರುವವರೆಗೂ ಅವನ ಮಣಿಕಟ್ಟನ್ನು ಮೊಣಕಾಲಿನಿಂದ ಒತ್ತಿ ಹಿಡಿದಿದ್ದಳು.

ಎಕ್ಸ್‌ರೇಯವನು ಅವಳ ತೋಳಿನ ಫಿಲ್ಮು ತೆಗೆಯುತ್ತ, "ತಾಳಿಕೆಗೆ ಎಷ್ಟು ಹಾಕಿದ್ದೆ ಅಕ್ಕಾ?" ಅಂತ ತಮಾಷೆ ಮಾಡಲು ನೋಡಿದ.

"ಬಾಯ್ಮುಚ್ಕೊಂಡು ತೆಗಿ. ಆಟದಲ್ಲಿ ನೋಯಲ್ಲ ಕಣೋ."

ಮಂಚ ಖಾಲಿಯಿಲ್ಲದೆ ಅಣ್ಣನನ್ನು ಅವಳ ಪಕ್ಕದಲ್ಲೇ ಮಲಗಿಸಿದ್ದರು. ಕೈಗೆ ಹೊಲಿಗೆ ಹಾಕಿತ್ತು. ಗೋಡೆ ಕಡೆ ತಿರುಗಿದ್ದವನು ಇತ್ತ ಹೊರಳಿ ಕೇಳಿದ, "ನನ್ನ ತಮ್ಮ ಏನಾದ್ರೂ ಅಂದ್ನಾ, ಅಕ್ಕಾ?"

ಸುಳ್ಳು ಹೇಳಬಹುದಿತ್ತು. "ಇಲ್ಲಪ್ಪ," ಅಂದಳು. "ಬಂದಾಗಲೇ ಪ್ರಜ್ಞೆ ಇರ್ಲಿಲ್ಲ. ಆ ಡಾಕ್ಟ್ರು ಅವನ ಎದೆ ಒತ್ತೀ ಒತ್ತೀ ಸುಸ್ತಾಗಿ ಬಿದ್ರು."

ಅವನು ದಿಂಬಿಗೆ ಮುಖವಿಟ್ಟು ಅತ್ತ.

ಪೊಲೀಸರು ಬಂದಾಗ, "ಹೊಡೆದವರನ್ನ ಗುರುತಿಸ್ತೀರಾ?" ಅಂದರು. ಅವನು ಕಣ್ಣೆತ್ತಿ ಅವಳನ್ನೇ ನೋಡಿದ. ಗೋಡೆಯಕ್ಕ ಒಡೆದ ತುಟಿಯಿಂದ ಮೆಲ್ಲಗೆ, "ಮೊದಲ ಏಟು ಇವನದು," ಅಂದಳು. "ಕರ್ಕೊಂಡು ಹೋಗಿ. ಆದ್ರೆ ತಮ್ಮನ ಮಣ್ಣು ಮುಗಿಸ್ಕೊಂಡು ಬರಲಿ, ಆಮೇಲೆ."